ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ: ಶ್ರವಣ ಸಾಧನದಿಂದ ವರ್ಷಗಟ್ಟಲೆ ಪ್ರಯೋಜನ ಪಡೆಯುವ ಬಗೆ

(ಶ್ರವಣ ಸಾಧನ ಬಳಸುವವರು ಮತ್ತು ಅವರ ಮನೆಯವರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಶ್ರವಣ ತಜ್ಞೆಯಾಗಿರುವ ನನ್ನ ಬಳಿಗೆ ಬರುವವರಲ್ಲಿ ಬಹಳಷ್ಟು ಮಂದಿ ಕುಳಿತ ಕೂಡಲೇ ಹೇಳುವ ಮಾತು ಒಂದೇ: "ಕೇಳಿಸುತ್ತದೆ, ಆದರೆ ಏನು ಹೇಳಿದರೆಂದು ತಿಳಿಯುವುದಿಲ್ಲ." ಸಾಧನ ಕೊಂಡು ಆರು ತಿಂಗಳಾದ ಮೇಲೂ ಇದೇ ಮಾತನ್ನು ಹೇಳುವವರಿದ್ದಾರೆ. ಅವರಲ್ಲಿ ಕೆಲವರು ಅಷ್ಟರೊಳಗೆ ಸಾಧನವನ್ನು ಅದರ ಪುಟ್ಟ ಡಬ್ಬಿಯ ಸಮೇತ ಮೇಜಿನ ಖಾನೆಗೆ ಸೇರಿಸಿಬಿಟ್ಟಿರುತ್ತಾರೆ.

ನನ್ನ ತಂದೆಯೂ ಹಾಗೆಯೇ ಮಾಡಿದ್ದರು. ನಾನು ಆಗಿನ್ನೂ ಈ ವಿದ್ಯೆಯನ್ನು ಕಲಿಯುತ್ತಿದ್ದೆ. ಅವರು ಎರಡು ತಿಂಗಳು ಹಾಕಿಕೊಂಡು ನೋಡಿ, "ಗಲಾಟೆ ಜಾಸ್ತಿಯಾಯಿತೇ ಹೊರತು ಮಾತು ತಿಳಿಯಲಿಲ್ಲ" ಎಂದು ತೆಗೆದಿಟ್ಟರು. ಮನೆಯಲ್ಲಿ ನಾವೆಲ್ಲರೂ ಅವರ ವಯಸ್ಸನ್ನು ದೂರಿದೆವು, ಹಟವನ್ನು ದೂರಿದೆವು. ಒಂದು ವರ್ಷದ ನಂತರ ಅದೇ ಸಾಧನವನ್ನು ಅವರ ಕಿವಿಗೆ ಹಾಕಿ, ಕಿವಿಯ ಒಳಗೆ ತಲುಪುತ್ತಿರುವ ಸದ್ದನ್ನು ಅಳೆದು ನೋಡಿದಾಗ, ಮಾತಿನ ಸ್ಪಷ್ಟತೆಗೆ ಬೇಕಾದ ಎತ್ತರದ ಸ್ವರಗಳಲ್ಲಿ ಅವರಿಗೆ ಬೇಕಿದ್ದಷ್ಟು ಬಲ ಸಿಗುತ್ತಲೇ ಇರಲಿಲ್ಲ ಎಂಬುದು ಕಂಡಿತು. ತಪ್ಪು ಅವರದಾಗಿರಲಿಲ್ಲ, ಸಾಧನದ್ದೂ ಆಗಿರಲಿಲ್ಲ. ಹೊಂದಾಣಿಕೆ ಅರ್ಧಕ್ಕೇ ನಿಂತುಹೋಗಿತ್ತು. ಆ ಒಂದು ವರ್ಷ ಅವರು ನಮ್ಮ ನಡುವೆಯೇ ಒಬ್ಬಂಟಿಯಾಗಿ ಕುಳಿತಿದ್ದರಲ್ಲ ಎಂಬ ನೋವು ನನಗೆ ಇಂದಿಗೂ ಇದೆ. ಆದ್ದರಿಂದ ನಾನು ಇಂದು ಹೇಳಬೇಕೆಂದಿರುವುದು ಇಷ್ಟೇ: ಸಾಧನ ಪ್ರಯೋಜನಕ್ಕೆ ಬರಲಿಲ್ಲವೆಂದು ಖಾನೆಗೆ ಹಾಕುವ ಮೊದಲು ಅದು ಎಲ್ಲಿ ಸೋತಿತೆಂದು ಹುಡುಕಿ. ಆ ಕಾರಣ ಸಾಮಾನ್ಯವಾಗಿ ಸಿಗುತ್ತದೆ, ಬಹುಪಾಲು ಸರಿಪಡಿಸುವಂಥದ್ದೂ ಆಗಿರುತ್ತದೆ.

ಮೊದಲು ಆ ದೂರನ್ನೇ ತೆಗೆದುಕೊಳ್ಳೋಣ, ಏಕೆಂದರೆ ಅದು ವೈಜ್ಞಾನಿಕವಾಗಿ ಅತ್ಯಂತ ನಿಖರವಾದ ಮಾತು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಕಾಕ್ಲಿಯ ಎಂಬ ಅಂಗದಲ್ಲಿ ಸುಮಾರು 15,000 ರೋಮಕೋಶಗಳಿರುತ್ತವೆ. ಅವುಗಳಲ್ಲಿ ಸುಮಾರು 12,000 ಹೊರಸಾಲಿನ ಕೋಶಗಳು ಮೆಲುದನಿಗಳನ್ನು ಹಿಗ್ಗಿಸಿ ಕೊಡುತ್ತವೆ. ಉಳಿದ ಒಳಸಾಲಿನ ಕೋಶಗಳು ಆ ಸದ್ದನ್ನು ನರಕ್ಕೆ ದಾಟಿಸುತ್ತವೆ. ಮನುಷ್ಯರಲ್ಲಿ ಈ ಕೋಶಗಳು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸಿನಿಂದಾಗಲಿ ದೀರ್ಘಕಾಲದ ಅಬ್ಬರದಿಂದಾಗಲಿ ಹಾನಿಯಾಗುವಾಗ, ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುವುದು ಎತ್ತರದ ಸ್ವರಗಳನ್ನು ಗ್ರಹಿಸುವ ಬುಡದ ಭಾಗಕ್ಕೆ.

ಮಾತಿನಲ್ಲಿ ಸ್ವರಾಕ್ಷರಗಳ ಬಲವೆಲ್ಲ ಹೆಚ್ಚಾಗಿ ತಗ್ಗಿನ ಕಂಪನಗಳಲ್ಲಿರುತ್ತದೆ. ಸ, ಶ ಮುಂತಾದ ವ್ಯಂಜನಗಳ ಸದ್ದು ಸಾವಿರಾರು ಹರ್ಟ್ಸ್‌ಗಳ ಎತ್ತರದಲ್ಲಿ, ಅದೂ ಬಹಳ ಮೆಲ್ಲಗೆ ಇರುತ್ತದೆ. ಕ, ತ, ಪ ಎಂಬವು ಕ್ಷಣಮಾತ್ರದ ಸ್ಫೋಟಗಳು. ಕಾಲು, ಪಾಲು, ಸಾಲು, ಹಾಲು ಎಂಬ ನಾಲ್ಕು ಪದಗಳನ್ನು ಹೇಳಿಕೊಂಡು ನೋಡಿ. ಎತ್ತರದ ಸ್ವರಗಳು ಕೇಳಿಸದವರಿಗೆ ನಾಲ್ಕರಲ್ಲೂ 'ಆಲು' ಎಂಬಷ್ಟು ಮಾತ್ರ ಚೆನ್ನಾಗಿ ಮುಟ್ಟುತ್ತದೆ. ಯಾರೋ ಮಾತನಾಡಿದರು ಎಂಬುದು ಗೊತ್ತಾಗುತ್ತದೆ, ಯಾವ ಪದವೆಂಬುದು ಗೊತ್ತಾಗುವುದಿಲ್ಲ. ಹೀಗಿರುವಾಗ ಮನೆಯವರು ಗಂಟಲು ಹರಿದುಕೊಂಡು ಕೂಗಿದರೆ ಬಲ ಪಡೆಯುವುದು ಮುಖ್ಯವಾಗಿ ಆ 'ಆ' ಕಾರವೇ ಆದ್ದರಿಂದ, ಕೂಗಿದ ಮಾತು ದೊಡ್ಡದಾಗುತ್ತದೆ, ಸ್ಪಷ್ಟವಾಗುವುದಿಲ್ಲ.

ಇದಕ್ಕೆ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಹೊರಸಾಲಿನ ಕೋಶಗಳು ಹೋದ ಕಿವಿಗೆ ಮೆಲುದನಿ ಕೇಳಿಸುವುದೇ ಇಲ್ಲ, ಆದರೆ ಜೋರು ಸದ್ದು ಮೊದಲಿನಷ್ಟೇ ಜೋರಾಗಿ ತಾಗುತ್ತದೆ. "ಸ್ವಲ್ಪ ಗಟ್ಟಿಯಾಗಿ ಹೇಳು" ಎಂದವರೇ ಮರುಕ್ಷಣ "ಯಾಕೆ ಹಾಗೆ ಕಿರುಚುತ್ತೀಯ" ಎಂದು ಸಿಡುಕುವುದು ಇದರಿಂದಲೇ. ಮನೆಯವರು ಅದನ್ನು ಸ್ವಭಾವದ ದೋಷವೆಂದು ತಿಳಿಯಬಾರದು. ಕೇಳಿಸದ ಅಂಚಿಗೂ ಸಹಿಸಲಾಗದ ಅಂಚಿಗೂ ನಡುವಿನ ಜಾಗ ಕಿರಿದಾಗಿರುತ್ತದೆ, ಮತ್ತು ಲೋಕದ ಸದ್ದುಗಳನ್ನೆಲ್ಲ ಆ ಕಿರಿದಾದ ಜಾಗದೊಳಗೆ ಹೊಂದಿಸಿ ಕೂರಿಸುವುದೇ ಇಂದಿನ ಸಾಧನದ ಮುಖ್ಯ ಕೆಲಸ. ಕನ್ನಡಕದ ಹೋಲಿಕೆಯನ್ನು ನಾನು ಒಪ್ಪದಿರುವುದೂ ಇದೇ ಕಾರಣಕ್ಕೆ. ಸಾಮಾನ್ಯವಾಗಿ ಕನ್ನಡಕವು ಬೆಳಕನ್ನು ಆರೋಗ್ಯವಾಗಿರುವ ಅಕ್ಷಿಪಟಲದ ಮೇಲೆ ಸರಿಯಾಗಿ ಬೀಳಿಸುತ್ತದೆ, ಹಾಕಿದ ಕ್ಷಣದಲ್ಲೇ ಕಾಣುತ್ತದೆ. ಶ್ರವಣ ಸಾಧನವು ಹಾನಿಗೊಂಡ ಅಂಗದ ಮೂಲಕವೇ ಕೆಲಸ ಮಾಡಬೇಕು, ಹಾಗಾಗಿ ಅದಕ್ಕೆ ಅಳತೆಯೂ ಬೇಕು, ಕಾಲವೂ ಬೇಕು.

ಅಳತೆಯ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಶ್ರವಣ ಪರೀಕ್ಷೆಯಲ್ಲಿ ಸಿಗುವ ಆಡಿಯೋಗ್ರಾಂ ಎಂಬ ನಕ್ಷೆಯು 250ರಿಂದ 8,000 ಹರ್ಟ್ಸ್‌ವರೆಗಿನ ಸ್ವರಗಳಲ್ಲಿ ನಿಮಗೆ ಕೇಳಿಸುವ ಅತಿ ಮೆಲುವಾದ ಸದ್ದು ಎಷ್ಟೆಂಬುದನ್ನು ತೋರಿಸುತ್ತದೆ. ಅದನ್ನು ಕಂಪ್ಯೂಟರಿಗೆ ಕೊಟ್ಟರೆ, ತಯಾರಕರ ತಂತ್ರಾಂಶವು ಒಂದು ಅಂದಾಜಿನ ಹೊಂದಾಣಿಕೆಯನ್ನು ತಾನೇ ಮಾಡಿಬಿಡುತ್ತದೆ. ಅಂದಾಜು ಎಂದೆ, ಏಕೆಂದರೆ ಆ ತಂತ್ರಾಂಶಕ್ಕೆ ನಿಮ್ಮ ಕಿವಿನಾಳದ ಉದ್ದವಾಗಲಿ ಅಗಲವಾಗಲಿ ತಿರುವಾಗಲಿ ಗೊತ್ತಿರುವುದಿಲ್ಲ. ಒಂದೇ ಸಾಧನ, ಒಂದೇ ಹೊಂದಾಣಿಕೆ ಇದ್ದರೂ ಇಬ್ಬರ ಕಿವಿಯ ತಮಟೆಯ ಬಳಿ ತಲುಪುವ ಸದ್ದು ಬೇರೆ ಬೇರೆಯಾಗಿರುತ್ತದೆ. ಕಿವಿನಾಳ ಚಿಕ್ಕದಿರುವ ಮಕ್ಕಳಲ್ಲಂತೂ ಈ ವ್ಯತ್ಯಾಸ ಬಹಳ ದೊಡ್ಡದು.

ಇದನ್ನು ತಿಳಿಯುವ ದಾರಿ ಕಿವಿಯೊಳಗೇ ಅಳೆದು ನೋಡುವುದು. ಸುಮಾರು ಒಂದು ಮಿಲಿಮೀಟರ್ ದಪ್ಪದ ಮೆತ್ತನೆಯ ನಳಿಕೆಯೊಂದನ್ನು ತಮಟೆಯ ಹತ್ತಿರದವರೆಗೆ ಮೆಲ್ಲಗೆ ಇಳಿಸುತ್ತೇವೆ, ಅದರ ಪಕ್ಕದಲ್ಲೇ ಸಾಧನವನ್ನು ಕೂರಿಸುತ್ತೇವೆ, ಎದುರಿನ ಸ್ಪೀಕರಿನಿಂದ ಮಾತನ್ನು ಮೊದಲು ಮೆಲ್ಲಗೆ, ಆಮೇಲೆ ಸಾಮಾನ್ಯ ಮಟ್ಟದಲ್ಲಿ, ಕೊನೆಗೆ ಜೋರಾಗಿ ನುಡಿಸುತ್ತೇವೆ. ಪರದೆಯ ಮೇಲೆ ಎರಡು ಗೆರೆಗಳು ಕಾಣುತ್ತವೆ: ನಿಮ್ಮ ಶ್ರವಣ ನಷ್ಟಕ್ಕೆ ಇಷ್ಟು ಸದ್ದು ತಲುಪಬೇಕೆಂದು ಹೇಳುವ ಗುರಿಯ ಗೆರೆ ಒಂದು, ನಿಜವಾಗಿ ತಲುಪುತ್ತಿರುವ ಸದ್ದಿನ ಗೆರೆ ಇನ್ನೊಂದು. ಗುರಿಯನ್ನು ಲೆಕ್ಕ ಹಾಕಲು ಆಸ್ಟ್ರೇಲಿಯಾದಲ್ಲಿ ರೂಪುಗೊಂಡ ಎನ್‌ಎಎಲ್-ಎನ್‌ಎಲ್2, ಕೆನಡಾದಲ್ಲಿ ರೂಪುಗೊಂಡ ಡಿಎಸ್‌ಎಲ್ ಎಂಬ ಸೂತ್ರಗಳು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಮೊದಲ ಹೊಂದಾಣಿಕೆಯಲ್ಲಿ ಎರಡು ಗೆರೆಗಳು ಎಡಭಾಗದಲ್ಲಿ ಕೂಡಿಕೊಂಡಿದ್ದು, ಬಲಕ್ಕೆ ಹೋದಂತೆ, ಅಂದರೆ ಎತ್ತರದ ಸ್ವರಗಳ ಕಡೆಗೆ, ನಿಜದ ಗೆರೆ ಕೆಳಕ್ಕೆ ಜಾರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ನನ್ನ ತಂದೆಯ ಕಿವಿಯಲ್ಲಿ ಕಂಡದ್ದೂ ಅದೇ ಜಾರು. ಈ ಅಳತೆಗೆ ನೋವಿಲ್ಲ, ಹೆಚ್ಚು ಹೊತ್ತೂ ಬೇಡ. ಆದ್ದರಿಂದ ಸಾಧನ ಪಡೆಯುವಾಗ ಸಂಕೋಚಪಡದೆ ಕೇಳಿ: "ಕಿವಿಯೊಳಗೆ ನಳಿಕೆ ಇಟ್ಟು ಅಳೆಯುತ್ತೀರಾ?" ಎಷ್ಟು ಚಾನೆಲ್, ಯಾವ ಮಾದರಿ, ಯಾವ ಹೊಸ ಸೌಲಭ್ಯ ಎಂಬ ಪ್ರಶ್ನೆಗಳಿಗಿಂತ ಈ ಒಂದು ಪ್ರಶ್ನೆ ಹೆಚ್ಚು ಬೆಲೆಬಾಳುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಲ್ಲಿ ಇನ್ನೊಂದು ಎಚ್ಚರ ಬೇಕು. ಹೊಸಬರಿಗೆ ಪೂರ್ತಿ ಸದ್ದನ್ನು ಒಮ್ಮೆಲೇ ಕೊಟ್ಟರೆ ತಡೆದುಕೊಳ್ಳುವುದು ಕಷ್ಟವೆಂದು ಕೆಲವೊಮ್ಮೆ ನಾವೇ ಗುರಿಗಿಂತ ಕೆಳಗೆ ಆರಂಭಿಸಿ, ಕೆಲವು ವಾರಗಳಲ್ಲಿ ಹಂತಹಂತವಾಗಿ ಏರಿಸುತ್ತೇವೆ. ಮೊದಲ ಹಂತದಲ್ಲಿ ಹಿತವೆನಿಸಿದ ಕಾರಣಕ್ಕೆ ಮತ್ತೆ ಬಾರದವರು ಆ ಮೊದಲ ಮೆಟ್ಟಿಲಿನಲ್ಲೇ ವರ್ಷಗಟ್ಟಲೆ ಉಳಿದುಬಿಡುತ್ತಾರೆ. ಎರಡನೆಯ, ಮೂರನೆಯ ಭೇಟಿಗಳು ಸೌಜನ್ಯದ ಭೇಟಿಗಳಲ್ಲ. ನಿಜವಾದ ಹೊಂದಾಣಿಕೆ ನಡೆಯುವುದು ಅಲ್ಲಿಯೇ.

ಇನ್ನು ಹಾಕಿಕೊಳ್ಳುವ ವಿಷಯ. "ಯಾರಾದರೂ ಬಂದಾಗ ಹಾಕಿಕೊಳ್ಳುತ್ತೇನೆ" ಎನ್ನುವವರಿಗೆ ಸಾಧನ ಎಂದೂ ಒಗ್ಗುವುದಿಲ್ಲ. ಶ್ರವಣ ನಷ್ಟ ಹೆಚ್ಚಾಗಿ ನಿಧಾನವಾಗಿ ಬರುವುದರಿಂದ, ಮಿದುಳು ಹಲವು ವರ್ಷಗಳ ಕಾಲ ಫ್ರಿಜ್ಜಿನ ಗುನುಗು, ಕಾಗದದ ಸರಬರ, ತನ್ನದೇ ಹೆಜ್ಜೆಯ ಸದ್ದು ಇವುಗಳಿಲ್ಲದೆ ಬದುಕಿರುತ್ತದೆ. ಅವೆಲ್ಲ ಒಮ್ಮೆಗೇ ಮರಳಿದಾಗ ಎಲ್ಲವೂ ಸುದ್ದಿಯಂತೆ ತೋರಿ, ಯಾವುದನ್ನು ಬಿಡಬೇಕು ಯಾವುದನ್ನು ಹಿಡಿಯಬೇಕು ಎಂಬುದು ತಿಳಿಯುವುದಿಲ್ಲ. ಬೇಡದ ಸದ್ದನ್ನು ಹಿಂದಕ್ಕೆ ಸರಿಸುವುದನ್ನು ಮಿದುಳು ಮತ್ತೆ ಕಲಿಯುತ್ತದೆ, ಆದರೆ ಆ ಸದ್ದು ದಿನವೂ ಕಿವಿಗೆ ಬಿದ್ದರೆ ಮಾತ್ರ. ಮೊದಲ ಕೆಲವು ದಿನ ಮೌನವಾಗಿರುವ ಕೋಣೆಯಲ್ಲಿ ಒಬ್ಬರೊಡನೆ ಮಾತನಾಡಿ. ಪತ್ರಿಕೆಯನ್ನು ಗಟ್ಟಿಯಾಗಿ ಓದಿಕೊಂಡು ನಿಮ್ಮ ದನಿಗೆ ನೀವೇ ಒಗ್ಗಿಕೊಳ್ಳಿ. ಮನೆಯವರು ಒಂದು ಪುಟವನ್ನು ಓದುತ್ತಿರುವಾಗ ಅದೇ ಪುಟದ ಮೇಲೆ ಕಣ್ಣಾಡಿಸುತ್ತ ಕೇಳಿ. ಎರಡು ಮೂರು ವಾರಗಳಲ್ಲಿ ಎದ್ದಾಗಿನಿಂದ ಮಲಗುವವರೆಗೆ ಹಾಕಿಕೊಳ್ಳುವ ಮಟ್ಟಕ್ಕೆ ಬರಬೇಕು. ಸ್ನಾನಕ್ಕೆ, ನಿದ್ದೆಗೆ ತೆಗೆದಿಡಿ. ನಿಮ್ಮ ದನಿ ಕೊಡದೊಳಗಿಂದ ಬಂದಂತೆ ತೀರಾ ಗುಂಯ್ ಎನ್ನುತ್ತಿದ್ದರೆ ಮಾತ್ರ ಸಹಿಸಿಕೊಂಡು ಕೂರಬೇಡಿ. ಕಿವಿಯಲ್ಲಿ ಕೂರುವ ರಬ್ಬರಿನ ತುದಿಯಾದ ಡೋಮನ್ನೋ, ಕಿವಿಯ ಆಕಾರಕ್ಕೆ ತಕ್ಕಂತೆ ಮಾಡಿದ ಅಚ್ಚಿನ ಗಾಳಿಕಂಡಿಯನ್ನೋ ಬದಲಿಸಿದರೆ ಅದು ಬಹುಮಟ್ಟಿಗೆ ಸರಿಹೋಗುತ್ತದೆ.

ಎರಡೂ ಕಿವಿಗಳಲ್ಲಿ ನಷ್ಟವಿದ್ದಾಗ ಒಂದಕ್ಕೇ ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಎರಡೂ ಕಿವಿಗಳಲ್ಲಿ ಒಂದೇ ಬಗೆಯ ನಷ್ಟವಿದ್ದು ಒಂದೇ ಸಾಧನ ಬಳಸಿದವರನ್ನು ಕೆಲವು ವರ್ಷಗಳ ನಂತರ ಪರೀಕ್ಷಿಸಿದಾಗ, ಸಾಧನವಿಲ್ಲದ ಕಿವಿಯು ಪದಗಳನ್ನು ಗುರುತಿಸುವ ಶಕ್ತಿಯನ್ನು ಕಳೆದುಕೊಂಡಿದ್ದುದು 1984ರಲ್ಲಿ ಪ್ರಕಟವಾದ ಅಧ್ಯಯನದಲ್ಲೇ ಕಂಡುಬಂದಿತ್ತು. ಸದ್ದು ಯಾವ ದಿಕ್ಕಿನಿಂದ ಬಂತೆಂದು ತಿಳಿಯಲೂ ಗದ್ದಲದ ನಡುವೆ ಒಂದು ದನಿಯನ್ನು ಹಿಡಿಯಲೂ ಎರಡು ಕಿವಿ ಬೇಕು. ವೈದ್ಯಕೀಯ ಕಾರಣವಿಲ್ಲದಿದ್ದರೆ ಎರಡಕ್ಕೂ ಹಾಕಿ.

ಶ್ರವಣ ನಷ್ಟಕ್ಕೂ ಮರೆವಿನ ಕಾಯಿಲೆಗೂ ನಂಟಿದೆ ಎಂಬ ಮಾತು ಇತ್ತೀಚೆಗೆ ತುಂಬ ಕೇಳಿಬರುತ್ತಿದೆ. 2023ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾದ ಅಚೀವ್ ಎಂಬ ಪ್ರಯೋಗದಲ್ಲಿ 70ರಿಂದ 84 ವಯಸ್ಸಿನ 977 ಮಂದಿಯನ್ನು ಮೂರು ವರ್ಷ ಗಮನಿಸಲಾಯಿತು. ಒಟ್ಟು ಗುಂಪಿನಲ್ಲಿ ಸಾಧನದಿಂದ ಬುದ್ಧಿಶಕ್ತಿಯ ಇಳಿಕೆಗೆ ಗಮನಾರ್ಹ ತಡೆ ಕಾಣಲಿಲ್ಲ. ಮೊದಲೇ ಹೆಚ್ಚಿನ ಅಪಾಯವಿದ್ದ ಉಪಗುಂಪಿನಲ್ಲಿ ಇಳಿಕೆ 48% ನಿಧಾನವಾಯಿತು. ಇದು ಭರವಸೆ ಕೊಡುವ ಸಂಗತಿಯೇ, ಆದರೆ ಮರೆವಿನ ಭಯ ಹುಟ್ಟಿಸಿ ಸಾಧನ ಮಾರುವುದು ಸರಿಯಲ್ಲ. ಆ ಪ್ರಯೋಗದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಬೇರೆ: ಅಲ್ಲಿ ಸಾಧನವನ್ನು ಕೈಗೆ ಕೊಟ್ಟು ಕಳಿಸಿರಲಿಲ್ಲ. ಶ್ರವಣ ತಜ್ಞರೊಡನೆ ಹಲವು ಭೇಟಿಗಳು, ತಿಳಿವಳಿಕೆ, ಆಮೇಲೆ ಆರು ತಿಂಗಳಿಗೊಮ್ಮೆ ಮರುಭೇಟಿ, ಇವೆಲ್ಲ ಚಿಕಿತ್ಸೆಯ ಭಾಗವೇ ಆಗಿದ್ದವು.

ಈಗ ಶುಚಿತ್ವ. ಒಮ್ಮೆ ಹಿರಿಯ ಮಹಿಳೆಯೊಬ್ಬರು ಸಾಧನ ಸತ್ತುಹೋಗಿದೆ, ಹೊಸದು ಕೊಳ್ಳಬೇಕೇ ಎಂದು ಕೇಳುತ್ತ ಬಂದರು. ಕಿವಿಯೊಳಗೆ ಹೋಗುವ ತುದಿಯ ರಬ್ಬರಿನ ಡೋಮನ್ನು ತೆಗೆದು ಭೂತಗನ್ನಡಿಯ ಕೆಳಗೆ ಹಿಡಿದರೆ, ಸಾಸಿವೆ ಕಾಳಿಗಿಂತ ಚಿಕ್ಕದಾದ ಬಿಳಿಯ ಜಾಲರಿಯೊಂದು ಕಂದು ಬಣ್ಣದ ಗುಗ್ಗೆಯಿಂದ ಪೂರ್ತಿ ಮುಚ್ಚಿಹೋಗಿತ್ತು. ಜಾಲರಿ ಬದಲಿಸುವ ಕಡ್ಡಿಗೆ ಎರಡು ತುದಿಗಳಿರುತ್ತವೆ: ಬರಿದಾದ ತುದಿಯನ್ನು ಹಳೆಯ ಜಾಲರಿಗೆ ಒತ್ತಿ ಎಳೆದರೆ ಅದು ಕಿತ್ತು ಬರುತ್ತದೆ, ಕಡ್ಡಿಯನ್ನು ತಿರುಗಿಸಿ ಇನ್ನೊಂದು ತುದಿಯನ್ನು ಒತ್ತಿದರೆ ಹೊಸ ಜಾಲರಿ ಕೂರುತ್ತದೆ. ಒಂದು ನಿಮಿಷವೂ ಹಿಡಿಯಲಿಲ್ಲ. ಸಾಧನವನ್ನು ಮತ್ತೆ ಕಿವಿಗೆ ಹಾಕಿದಾಗ ಅವರು ಮೊದಲು ತಿರುಗಿ ನೋಡಿದ್ದು ಗೋಡೆಯ ಗಡಿಯಾರದ ಕಡೆಗೆ.

ಸಾಧನದ ದನಿ ಕುಗ್ಗಿತೆಂದರೆ ಮೊದಲು ಜಾಲರಿಯನ್ನು ಅನುಮಾನಿಸಿ, ಆಮೇಲೆ ಬ್ಯಾಟರಿಯನ್ನು, ಆಮೇಲೆ ಸಾಧನವನ್ನು. ರಾತ್ರಿ ತೆಗೆದ ಮೇಲೆ ಒಣಬಟ್ಟೆಯಿಂದ ಒರೆಸಿ. ಬೆಳಿಗ್ಗೆ ಗುಗ್ಗೆ ಒಣಗಿರುವುದರಿಂದ ಆಗ ಮೆತ್ತನೆಯ ಬ್ರಷ್ಷಿನಿಂದ, ಸಾಧನದ ಬಾಯಿಯನ್ನು ಕೆಳಮುಖವಾಗಿ ಹಿಡಿದು ಉಜ್ಜಿದರೆ ಉದುರಿದ್ದು ಒಳಗೆ ಹೋಗುವುದಿಲ್ಲ. ಮೈಕ್ರೊಫೋನಿನ ಕಂಡಿಗಳಿಗೆ ಪಿನ್ನು ಚುಚ್ಚಬೇಡಿ. ಕಿವಿಗೆ ಹತ್ತಿಕಡ್ಡಿ ಹಾಕಬೇಡಿ, ಅದು ಗುಗ್ಗೆಯನ್ನು ಒಳಕ್ಕೇ ದಬ್ಬುತ್ತದೆ. ನಾಳದಲ್ಲಿ ಗುಗ್ಗೆ ತುಂಬಿದ್ದರೆ ಸದ್ದು ಹಿಂದಕ್ಕೆ ಪುಟಿದು ಸಾಧನ ಶಿಳ್ಳೆ ಹಾಕುವುದೂ ಉಂಟು. ಬೆವರು, ತೇವ ಇವು ಸಾಧನದ ದೊಡ್ಡ ವೈರಿಗಳಾದ್ದರಿಂದ ರಾತ್ರಿಯ ಹೊತ್ತು ತೇವ ಹೀರುವ ಹರಳುಗಳಿರುವ ಡಬ್ಬಿಯಲ್ಲಿ ಇಡಿ, ಹೇರ್ ಡ್ರೈಯರ್‌ನಿಂದ ಒಣಗಿಸಲು ಹೋಗಬೇಡಿ. ಕಿವಿಯ ಹಿಂದೆ ಕೂರುವ ಸಾಧನಕ್ಕೆ ಅಚ್ಚು ಇದ್ದರೆ, ಅದರ ಪ್ಲಾಸ್ಟಿಕ್ ಕೊಳವೆ ಕೆಲವು ತಿಂಗಳಲ್ಲಿ ಗಡುಸಾಗುತ್ತದೆ. ಮೂರರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕು.

ಬ್ಯಾಟರಿಯ ಬಗ್ಗೆ ಎರಡೇ ಮಾತು. ಜಿಂಕ್-ಏರ್ ಬ್ಯಾಟರಿ ಗಾಳಿಯ ಆಮ್ಲಜನಕದಿಂದ ಕೆಲಸ ಮಾಡುತ್ತದೆ, ಆದ್ದರಿಂದ ಬಣ್ಣದ ಪಟ್ಟಿಯನ್ನು ಕಿತ್ತ ಮೇಲೆ ಕೆಲವು ನಿಮಿಷ ಹಾಗೆಯೇ ಬಿಟ್ಟು ಆಮೇಲೆ ಸಾಧನದೊಳಗೆ ಹಾಕಿ. ಪಟ್ಟಿಯನ್ನು ಮತ್ತೆ ಅಂಟಿಸಿದರೆ ಉಳಿತಾಯವಾಗುವುದಿಲ್ಲ. ಮಕ್ಕಳ ಕೈಗೆ ಸಿಗದಂತೆ ಇಡಿ, ನುಂಗಿದರೆ ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.

ಎಲ್ಲವೂ ಸರಿಯಾಗಿದ್ದರೂ ಸಾಧನಕ್ಕೆ ಗೆಲ್ಲಲಾಗದ ಒಂದು ವೈರಿ ದೂರ. ತೆರೆದ ಜಾಗದಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಮಾತಿನ ಮಟ್ಟ 6 ಡೆಸಿಬಲ್ ಇಳಿಯುತ್ತದೆ, ಸುತ್ತಲಿನ ಗದ್ದಲ ಮಾತ್ರ ಹಾಗೆಯೇ ಇರುತ್ತದೆ. ಪಕ್ಕದ ಕೋಣೆಯಿಂದ ಕೂಗಿ ಹೇಳಿದ್ದು ತಿಳಿಯಲಿಲ್ಲವೆಂದು ಸಾಧನವನ್ನು ಬೈಯುವುದು ನ್ಯಾಯವಲ್ಲ. ಮನೆಯವರು ಮೊದಲು ಹೆಸರು ಹಿಡಿದು ಕರೆಯಲಿ, ಒಂದೆರಡು ಮೀಟರ್ ಹತ್ತಿರಕ್ಕೆ ಬರಲಿ, ಮುಖದ ಮೇಲೆ ಬೆಳಕು ಬೀಳುವಂತೆ ನಿಂತು ಸ್ವಲ್ಪ ನಿಧಾನವಾಗಿ ಮಾತನಾಡಲಿ. ಒಮ್ಮೆ ಹೇಳಿದ್ದು ತಿಳಿಯದಿದ್ದರೆ ಅದನ್ನೇ ಮೂರು ಸಲ ಹೇಳುವ ಬದಲು ಬೇರೆ ಪದಗಳಲ್ಲಿ ಹೇಳಲಿ. "ಹೋಗಲಿ ಬಿಡು, ಮುಖ್ಯವಾದದ್ದೇನಲ್ಲ" ಎಂದು ಮಾತನ್ನು ಅರ್ಧಕ್ಕೆ ನಿಲ್ಲಿಸುವುದು ಕೇಳಿಸಿಕೊಳ್ಳಲು ಹೆಣಗುವವರಿಗೆ ಬಹಳ ನೋವು ಕೊಡುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸಭೆ, ತರಗತಿ, ದೊಡ್ಡ ಕೋಣೆಗಳಲ್ಲಿ ಮಾತನಾಡುವವರು ತೊಟ್ಟುಕೊಳ್ಳುವ ಪುಟ್ಟ ದೂರ-ಮೈಕ್ರೊಫೋನು ದನಿಯನ್ನು ನೇರವಾಗಿ ಸಾಧನಕ್ಕೆ ಕಳಿಸುತ್ತದೆ. ಗದ್ದಲದಲ್ಲಿ ಅದರಷ್ಟು ನೆರವಾಗುವ ಇನ್ನೊಂದು ಉಪಕರಣವನ್ನು ನಾನು ಕಂಡಿಲ್ಲ.

ಮುಂದಿನ ಭೇಟಿಗೆ ಹೋಗುವ ಮುನ್ನ ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ. "ಚೆನ್ನಾಗಿ ಕೇಳುವುದಿಲ್ಲ" ಎಂದರೆ ನಮಗೆ ಎಲ್ಲಿ ಕೈಹಾಕಬೇಕೆಂದು ಗೊತ್ತಾಗುವುದಿಲ್ಲ. "ಮೊಮ್ಮಗಳು ಎಡಗಡೆ ಕುಳಿತು ಮಾತನಾಡಿದರೆ ತಿಳಿಯುವುದಿಲ್ಲ, ತಟ್ಟೆಯ ಸದ್ದು ಚುಚ್ಚುತ್ತದೆ, ಫೋನಿನಲ್ಲಿ ಗಂಡು ದನಿ ತಿಳಿಯುತ್ತದೆ, ಹೆಣ್ಣು ದನಿ ತಿಳಿಯುವುದಿಲ್ಲ" ಎಂದು ಬರೆದು ತಂದರೆ, ಒಂದೊಂದು ಸಾಲಿಗೂ ಹೊಂದಾಣಿಕೆಯಲ್ಲಿ ಮಾಡಬಹುದಾದ ಕೆಲಸವಿರುತ್ತದೆ. ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಆಗಲೇಬೇಕು. ಕಿವಿ ಬದಲಾಗಿ ಹೊಂದಾಣಿಕೆ ಹಳೆಯದಾಗಿಯೇ ಉಳಿದರೆ, ಸಾಧನ ಹಾಳಾಯಿತೆಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಮಾತ್ರ ಮುಂದಿನ ಭೇಟಿಗೆಂದು ಕಾಯಬೇಡಿ. ಅದು ತುರ್ತು ಸ್ಥಿತಿ. ಚಿಕಿತ್ಸೆ ಬೇಗ ಆರಂಭವಾದಷ್ಟೂ ಕೇಳುವಿಕೆ ಮರಳುವ ಸಾಧ್ಯತೆ ಹೆಚ್ಚು, ಆದ್ದರಿಂದ ಅಂದೇ ಕಿವಿ-ಮೂಗು-ಗಂಟಲು ವೈದ್ಯರನ್ನು ಕಾಣಿ. ಕಿವಿ ಸೋರುವುದು, ತಲೆ ಸುತ್ತುವುದು, ಒಂದೇ ಕಿವಿಯಲ್ಲಿ ಮೊರೆತ ಇವುಗಳಿಗೂ ವೈದ್ಯರ ಪರೀಕ್ಷೆಯೇ ಮೊದಲು.

ಕೊನೆಯಲ್ಲಿ ಸಭಿಕರೊಬ್ಬರು, ಸರಿಯಾಗಿ ಅಳೆದು ಹೊಂದಿಸಿದ ಪ್ರಬಲ ಸಾಧನವನ್ನು ದಿನವಿಡೀ ಹಾಕಿಕೊಂಡರೂ ತಮ್ಮ ಅಕ್ಕನಿಗೆ ಮೌನದ ಕೋಣೆಯಲ್ಲೇ ಪದಗಳು ತಿಳಿಯುತ್ತಿಲ್ಲ, ಇನ್ನೇನು ಮಾಡಬಹುದು ಎಂದು ಕೇಳಿದರು. ಅಂಥವರಲ್ಲಿ ಉಳಿದಿರುವ ರೋಮಕೋಶಗಳು ತೀರಾ ಕಡಿಮೆಯಿರಬಹುದು, ಆಗ ಸದ್ದನ್ನು ಎಷ್ಟು ಹಿಗ್ಗಿಸಿದರೂ ಸ್ಪಷ್ಟತೆ ಬರುವುದಿಲ್ಲ. ರೋಮಕೋಶಗಳನ್ನು ಬಳಸದೆ ನರವನ್ನೇ ನೇರವಾಗಿ ವಿದ್ಯುತ್ತಿನಿಂದ ಪ್ರಚೋದಿಸುವ ಕಾಕ್ಲಿಯರ್ ಇಂಪ್ಲಾಂಟ್ ಅವರಿಗೆ ಒದಗಬಹುದೇ ಎಂದು ಪರೀಕ್ಷೆ ಮಾಡಿಸಬೇಕು. ವಯಸ್ಸೊಂದೇ ಅದಕ್ಕೆ ಅಡ್ಡಿಯಲ್ಲ. ಆ ಪರೀಕ್ಷೆಯನ್ನು ಮುಂದೂಡದಿರಿ, ಮತ್ತು ಅಲ್ಲಿಯವರೆಗೆ ಈಗಿರುವ ಸಾಧನವನ್ನು ತೆಗೆದಿಡದೆ ದಿನವೂ ಹಾಕಿಕೊಳ್ಳುವಂತೆ ನೋಡಿಕೊಳ್ಳಿ ಎಂದು ಅವರಿಗೆ ಹೇಳಿದೆ.